ಮದ್ರಾಸಿನಲ್ಲಿ ಒಂದು ಕುರಿಕೂಗು

ಹೋದ ತಿಂಗಳು ದೊಡ್ಡವ್ವ ತನ್ನ ಕುರಿಗಳನ್ನೆಲ್ಲ ಮಾರಿಬಿಟ್ಟಳು. ಮೇಚೇರಿ ಸಂತೆಗೆ ತಾನೇ ಹೊಡೆದುಕೊಂಡು ಹೋಗಿ, ಕೊಂಡವನಿಗೆ ಒಂದೊಂದರ ಗುಣವನ್ನೂ ಹೇಳಿ, ಇದು ಕಳ್ಳಿ, ಇದು ಸಿಡುಕಿ, ಇದಕ್ಕೆ ಗುಡುಗೆಂದರೆ ಆಗದು ಎಂದೆಲ್ಲ ಒಪ್ಪಿಸಿ, ಬರಿಗೈ ಬೀಸಿಕೊಂಡು ಬಸ್ಸಿನಲ್ಲಿ ಊರಿಗೆ ಮರಳಿದಳಂತೆ. ಮಂಡಿ ಸವೆದಿದೆ, ದಿನವಿಡೀ ಕುರಿಯ ಹಿಂದೆ ಅಲೆಯುವುದು ಇನ್ನು ಬೇಡ ಎಂದು ಡಾಕ್ಟರು ಹೇಳಿ ಬಹಳ ಕಾಲವಾಗಿತ್ತು. ಡಾಕ್ಟರ ಮಾತು ಕೇಳುವವಳಲ್ಲ ಅವಳು. ತನಗೇ ಅನ್ನಿಸಿದ ದಿನ ಮಾರಿದಳು.

ಸುದ್ದಿ ತಿಳಿದು ನಾನು ಓಮಲೂರಿನಿಂದ ಫೋನು ಮಾಡಿದೆ. ನಾನಲ್ಲಿ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ವರ್ಷವರ್ಷವೂ ಹುಡುಗಿಯರ ಕಬಡ್ಡಿ ತಂಡ ಕಟ್ಟಿಕೊಂಡು ಮದ್ರಾಸಿಗೆ ಹೋಗುವಾಗ ದೊಡ್ಡವ್ವನನ್ನೂ ಕರೆದೊಯ್ಯುವುದು ನನ್ನ ರೂಢಿ. ನಮ್ಮ ಕಡೆಯವರ ಬಾಯಲ್ಲಿ ಚೆನ್ನೈ ಇಂದಿಗೂ ಮದ್ರಾಸೇ. ಈ ಸಲ ಬರುತ್ತೀಯಾ ಎಂದು ಕೇಳಿದರೆ, "ಕಾಲೇ ಇಲ್ದೋಳು ಅಲ್ಲಿಗೆ ಬಂದು ಏನ್ ಮಾಡ್ಲಿ? ನೀನೇ ಓಗಿ ಗೆದ್ದು ಬಾ, ಪೋ" ಎಂದು ಫೋನು ಇಟ್ಟುಬಿಟ್ಟಳು. ಆಮೇಲೆ ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡದ ಅಕ್ಷರ ತಿದ್ದಿದ್ದು ದೊಡ್ಡವಳಾದ ಮೇಲೆ, ತರಬೇತಿಗೆಂದು ಬೆಂಗಳೂರಿನಲ್ಲಿದ್ದಾಗ. ಆದರೂ ದೊಡ್ಡವ್ವನನ್ನು ತಮಿಳಿನಲ್ಲಿ ಬರೆಯಲು ಹೋದರೆ ಅವಳ ಬಾಯಿ ಕಟ್ಟಿಹಾಕಿದ ಹಾಗೆ ಆಗುತ್ತದೆ. ಅವಳ ಹೆಸರು ಮಾತ್ರ ಬರೆಯುವುದಿಲ್ಲ. ಬರೆದೆನೆಂದು ಗೊತ್ತಾದರೆ ಯಾರಿಂದಲಾದರೂ ಓದಿಸಿಕೊಂಡು, ಓದಿಸಿಕೊಂಡ ಮೇಲೆ ಓಮಲೂರಿಗೇ ಬಂದು ಬೈಯುತ್ತಾಳೆ.

ಅವಳು ನಮಗೆ ರಕ್ತಸಂಬಂಧಿಯಲ್ಲ. ಮೇಚೇರಿಯಿಂದ ಒಳಗೆ, ತಮಿಳುನಾಡಿನಲ್ಲಿದ್ದೂ ಕನ್ನಡ ಆಡುವ ನಮ್ಮ ಹಟ್ಟಿಯಲ್ಲಿ ಪಕ್ಕದ ಮನೆಯವಳು, ಊರಿಗೆಲ್ಲ ದೊಡ್ಡವ್ವ. ಉದ್ದಕ್ಕೆ, ತೆಳ್ಳಗೆ, ಬಿಸಿಲಲ್ಲಿ ಒಣಗಿದ ಜಾಲಿಯ ಗಳುವಿನಂತೆ ಇದ್ದಾಳೆ. ನಿಂತರೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಪಾದವನ್ನು ಮಂಡಿಗೆ ಆನಿಸಿ, ಕೋಲಿನ ಮೇಲೆ ಭಾರ ಹಾಕುತ್ತಿದ್ದಳು. ನಡೆದರೆ ಮುಂದೆ ಏನೋ ಹೋಗುತ್ತಿದೆ ಎಂಬಂತೆ, ಸ್ವಲ್ಪ ಓರೆಯಾಗಿ ನಡೆಯುತ್ತಿದ್ದಳು. ಮುಂದೆ ಕುರಿ ಇರಲಿ ಬಿಡಲಿ, ನಡಿಗೆ ಅದೇ. ಮಕ್ಕಳನ್ನೂ ಕುರಿಗಳನ್ನೂ ಬೈಯಲು ಅವಳ ಹತ್ತಿರ ಬೇರೆಬೇರೆ ಮಾತಿರಲಿಲ್ಲ. "ನಿನ್ ಕೊರಳ್ಗೆ ಗಂಟೆ ಕಟ್ಟ" ಎನ್ನುವುದು ಇಬ್ಬರಿಗೂ ಸಿಗುತ್ತಿದ್ದ ಬೈಗುಳ, ಇಬ್ಬರಿಗೂ ಸಿಗುತ್ತಿದ್ದ ಮುದ್ದು. ಹಟ್ಟಿಯ ಹೆಣ್ಣುಮಕ್ಕಳೆಲ್ಲ ರಜೆಯ ದಿನಗಳಲ್ಲಿ ಅವಳ ಮಂದೆಯ ಹಿಂದೆ ಓಡಿಯೇ ಬೆಳೆದವರು. ಅವಳು ಬಿಳಿಜಾಲಿ ಮರವನ್ನು ಕೋಲಿನಿಂದ ಬಡಿದು ಕಾಯಿ ಉದುರಿಸುವಳು, ನಾವು ಮಂದೆ ಚದುರದಂತೆ ಸುತ್ತ ಓಡುವೆವು. ನಾವು ಕಬಡ್ಡಿ ಕಲಿತದ್ದು ಶಾಲೆಯಲ್ಲಿ. ಕಾಲು ಕಲಿತದ್ದು ಅಲ್ಲಿ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ತಂಡ ಜಿಲ್ಲೆಯಲ್ಲಿ ಗೆದ್ದು ಮದ್ರಾಸಿಗೆ ಹೋಗುವ ಯೋಗ ಬಂತು. ಯೋಗ ಬಂದದ್ದು ಪಿ.ಟಿ. ಸಾರ್‌ಗೆ ಮಾತ್ರ; ನಮ್ಮ ಅಪ್ಪಂದಿರಿಗೆ ಅದು ತಲೆನೋವು. ಸಾರ್ ತಮಿಳಿನವರು, ಒಳ್ಳೆಯ ಮನುಷ್ಯರು. ಮನೆಮನೆಗೂ ಬಂದು ಬೇಡಿಕೊಂಡರು. ಹೆಣ್ಣುಮಕ್ಕಳ ಜೊತೆಗೆ ಒಬ್ಬ ಹೆಂಗಸು ಇಲ್ಲದೆ ಕಳಿಸುವುದಿಲ್ಲ ಎಂದು ಅಪ್ಪಂದಿರು ಕೂತರು. ಶಾಲೆಯಲ್ಲಿದ್ದ ಒಬ್ಬರೇ ಟೀಚರಮ್ಮನಿಗೆ ಕೈಗೂಸು. ಈ ಪಂಚಾಯಿತಿ ನಡೆಯುತ್ತಿರುವಾಗ ದೊಡ್ಡವ್ವ ಮಂದೆ ಹೊಡೆದುಕೊಂಡು ಆ ದಾರಿಯಲ್ಲೇ ಬಂದಳು, ನಿಂತು ಕೇಳಿದಳು, ತಾನು ಹೋಗುತ್ತೇನೆ ಎಂದಳು. ಮದ್ರಾಸು ನೋಡಿದ್ದೀಯಾ ಎಂದು ಯಾರೋ ಕೇಳಿದ್ದಕ್ಕೆ, ಮೇಟೂರು ಅಣೆಕಟ್ಟು ನೋಡಿದ್ದೇನೆ, ಅದಕ್ಕಿಂತ ದೊಡ್ಡದಾ ಎಂದು ತಿರುಗಿ ಕೇಳಿದಳು. ಅಲ್ಲಿಗೆ ಅಪ್ಪಂದಿರು ಒಪ್ಪಿದರು.

ಸೇಲಮ್ ಜಂಕ್ಷನ್ನಿನಲ್ಲಿ ರೈಲು ಹತ್ತುವಾಗ ಶುರುವಾಯಿತು ಅವಳ ದರ್ಬಾರು. ಬಾಗಿಲ ಬಳಿ ನಿಂತು ನಮ್ಮ ತಲೆಗಳನ್ನು ಎರಡೆರಡಾಗಿ ಮುಟ್ಟಿ ಒಳಗೆ ಬಿಟ್ಟಳು, ಸಂಜೆ ದೊಡ್ಡಿಗೆ ಬಿಡುವ ಹಾಗೆ. ಕೈಯಲ್ಲಿ ಕೋಲು, ಹೆಗಲಿಗೆ ರಾಗಿ ಹಿಟ್ಟಿನ ಗಂಟು, ಮಡಿಲಲ್ಲಿ ಹುರಿಗಡಲೆ. ಟಿಕೆಟ್ ನೋಡಲು ಬಂದವರು ಕೋಲು ಯಾಕೆ ಪಾಟಿ, ಕೋಲು ಯಾಕೆ ಅಜ್ಜಿ ಎಂದು ನಗುತ್ತ ವಿಚಾರಿಸಿದರು. ಅವಳು ನಮ್ಮ ಕಡೆ ಬೊಟ್ಟು ಮಾಡಿ, ಇಷ್ಟೊಂದು ಪುಳ್ಳೆಗಳು ಇರುವಾಗ ಕೋಲಿಲ್ಲದೆ ಹೇಗೆ ಎಂದಳು. ಅವರು ಒಮ್ಮೆ ನಮ್ಮನ್ನು ನೋಡಿ, ಸರಿ ಎನ್ನಿಸಿದವರಂತೆ ಮುಂದೆ ಹೋದರು.

ಮದ್ರಾಸಿನ ನಮ್ಮ ಭೇಟಿಗಳೆಲ್ಲ ಹೀಗೇ, ಬೆಳಗ್ಗೆ ಇಳಿಯುವುದು, ಮಾರನೆಯ ಸಂಜೆ ರೈಲು ಹತ್ತುವುದು. ಆ ಅಷ್ಟರಲ್ಲಿ ದೊಡ್ಡವ್ವ ನೋಡಿದಷ್ಟು ಮದ್ರಾಸನ್ನು ಅಲ್ಲೇ ಹುಟ್ಟಿದವರು ನೋಡಿರಲಾರರು. ರಸ್ತೆ ದಾಟಿಸುವುದಕ್ಕೆ ಅವಳದೇ ಕ್ರಮ. ನಮ್ಮಲ್ಲಿ ಧೈರ್ಯದವಳನ್ನು ಮುಂದೆ ಬಿಡುವುದು, ಮಿಕ್ಕವರು ಅವಳ ಹಿಂದೆ ಒತ್ತಾಗಿ ಹೋಗುವುದು, ತಾನು ಕೊನೆಯಲ್ಲಿ ಕೋಲು ಅಡ್ಡ ಹಿಡಿದು ಬರುವುದು. ಆ ಧೈರ್ಯದವಳು ಯಾವಾಗಲೂ ನಾನೇ, ಅದಕ್ಕಾಗಿ ಇವತ್ತಿಗೂ ನನಗೆ ಜಂಬ. ಆಟೋಗಳು, ಸಿಟಿ ಬಸ್ಸುಗಳು ನಿಂತವು. ಹೊಗೇನಕಲ್ಲಿನ ನೀರಿಗಿಂತ ಇವೇ ವಾಸಿ, ಕೋಲು ತೋರಿಸಿದರೆ ನಿಲ್ಲುತ್ತವೆ ಎಂದು ಅವಳ ತೀರ್ಮಾನ. ಮೆಟ್ರೋ ನಿಲ್ದಾಣದ ಓಡುವ ಮೆಟ್ಟಿಲ ಎದುರು ಮಾತ್ರ ಬಹಳ ಹೊತ್ತು ಮುಖ ಗಂಟಿಕ್ಕಿಕೊಂಡು ನಿಂತಳು. ನಾವೆಲ್ಲ ಮೇಲೆ ಹೋಗಿ ಕೂಗಿ ಕರೆದ ಮೇಲೆ, ಸೀರೆ ಒಟ್ಟುಗೂಡಿಸಿ, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಗಾಡಿಯಲ್ಲಿ ಬರುವ ಹಾಗೆ ಬಂದು ಇಳಿದಳು. ಇಳಿದವಳು ಮತ್ತೆ ಕೆಳಗೆ ಹೋಗಿ ಇನ್ನೊಮ್ಮೆ ಬಂದಳು, ಈ ಸಲ ಬರೀ ಖುಷಿಗೆ.

ಸಮುದ್ರವನ್ನೂ ನೋಡಿದೆವು. ನಾವು ಚಪ್ಪಲಿ ಬಿಸುಟು ಅಲೆಗೆ ಓಡಿದರೆ ದೊಡ್ಡವ್ವ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಮುಖ ಅರಳಿತು. ಕುರಿಗೆ ಆಗಾಗ ಉಪ್ಪು ನೆಕ್ಕಿಸಬೇಕು, ಅದನ್ನು ಅಂಗಡಿಯಿಂದ ತರಬೇಕು; ಇಲ್ಲಿ ನೋಡಿದರೆ ಕಲಸಿಯೇ ಇಟ್ಟಿದೆ. ನಮ್ಮ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ಖಾಲಿ ಮಾಡಿಸಿ ಸಮುದ್ರ ತುಂಬಿಸಿಕೊಂಡಳು. ರೈಲಿನಲ್ಲಿ ನಾವು ಬಾಯಾರಿ ಕೂತೆವು. ಊರಿಗೆ ಬಂದು ಮಂದೆಯ ಮುಂದೆ ಹುಯ್ದರೆ ಕುರಿಗಳು ಮೂಸಿ ಮುಖ ತಿರುಗಿಸಿದವು. ಮದ್ರಾಸಿನವರ ಕಾಲು ತೊಳೆದ ನೀರು ಅಂತ ಅವಕ್ಕೆ ಗೊತ್ತಾಯಿತು ಎಂದು ನಗೆಯಾಡಿ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು.

ನಗೆಯಾಡಿದ್ದು ಊರಿನವರ ಮುಂದೆ. ಆ ಪ್ರಯಾಣದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಪಂದ್ಯ ಇದ್ದದ್ದು ದೊಡ್ಡ ಛಾವಣಿಯ ಒಳಾಂಗಣದಲ್ಲಿ. ಕೆಂಪು ಮಣ್ಣಿನಲ್ಲಿ ಆಡಿದವರಿಗೆ ಅಲ್ಲಿನ ಮೆತ್ತನೆಯ ಹಾಸು ಹೊಸದು. ಆದರೂ ಮೊದಲ ಪಂದ್ಯದಲ್ಲಿ ನಾವು ಮುಂದಿದ್ದೆವು. ಆ ಕಡೆಯ ಆಟಗಾರ್ತಿಯೊಬ್ಬಳು ದಾಳಿಗೆ ಬಂದು ಒಮ್ಮೆಗೇ ಹಾರಿ ನಮ್ಮ ಮೂಲೆಯವಳ ಮೇಲೆ ಬಿದ್ದಳು. ಅಂಚಿನಲ್ಲಿ ಕೂತಿದ್ದ ದೊಡ್ಡವ್ವನ ಗಂಟಲಿನಿಂದ ಕೂಗು ಹೊರಟಿತು, "ಊಊ… ಹೋಹೋಯ್." ನರಿ ಕಂಡಾಗ ಅವಳು ಹಾಕುವ ಕೂಗು ಅದು. ಆ ಕೂಗು ಕೇಳಿದರೆ ಮಂದೆ ಮೇವು ಬಿಟ್ಟು ಅವಳತ್ತ ಓಡುತ್ತದೆ. ಮಂದೆಯ ಹಿಂದಿರುವ ಮಕ್ಕಳೂ ಓಡಬೇಕು, ಯಾಕೆ ಏನು ಎಂದು ಕೇಳುವಂತಿಲ್ಲ. ನಾವು ತೊದಲು ನುಡಿಯುವಾಗಿನಿಂದ ಹಾಗೆ ಓಡಿದವರು. ಮದ್ರಾಸಿನ ಆ ಹಾಸಿನ ಮೇಲೂ ನಮ್ಮ ಕಾಲುಗಳೆಲ್ಲ ಒಟ್ಟಿಗೆ ಅವಳ ಕಡೆ ತಿರುಗಿದವು. ದಾಳಿಗೆ ಬಂದವಳಿಗೆ ನಮ್ಮೆಲ್ಲರ ಬೆನ್ನು ಸಿಕ್ಕಿತು. ಸಾವಕಾಶವಾಗಿ ಒಬ್ಬೊಬ್ಬರನ್ನೇ ತಟ್ಟಿ ತನ್ನ ಕಡೆಗೆ ಹೋದಳು. ನಾವು ಸೋತೆವು. ನೋಡುತ್ತಿದ್ದವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಎಂಥ ವಿಚಿತ್ರ ತಂಡವಪ್ಪ ಎಂದು ನಕ್ಕರು.

ವಾಪಸು ಬರುವ ರೈಲಿನಲ್ಲಿ ದೊಡ್ಡವ್ವ ಮುದ್ದೆ ಮುಟ್ಟಲಿಲ್ಲ. ನಮಗೆಲ್ಲ ಹಂಚಿ, ತಾನು ಕಿಟಕಿಯ ಕಡೆ ಮುಖ ಹಾಕಿ ಕೂತಳು. ನಮಗೇನೂ ಸಿಟ್ಟಿರಲಿಲ್ಲ, ಸಮುದ್ರ ನೋಡಿದ ಸಂತೋಷವೇ ದೊಡ್ಡದಾಗಿತ್ತು. ಪಿ.ಟಿ. ಸಾರ್ ಹತ್ತಿರ ಬಂದು, ಕವಲೆ ಬೇಡ ಪಾಟಿ, ಚಿಂತೆ ಮಾಡಬೇಡಿ, ನಾನು ವರ್ಷವೆಲ್ಲ ಸೀಟಿ ಊದಿದರೂ ಹೀಗೆ ಒಟ್ಟಿಗೆ ತಿರುಗದವರು ನಿಮ್ಮ ಒಂದೇ ಕೂಗಿಗೆ ತಿರುಗಿದರು ಎಂದು ಸಮಾಧಾನ ಮಾಡಿದರು. ಅವಳಿಗೆ ಅದು ಅಣಕದಂತೆ ಕೇಳಿಸಿತು. ಮಕ್ಕಳ ಮೇಲೆ ಕುರಿಯ ಕೂಗು ಕೂಗಿದೆನಲ್ಲ ಎಂಬುದೇ ಅವಳ ನೋವು. ಇನ್ನು ಮೇಲೆ ಬಾಯಿ ಬಿಟ್ಟರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು.

ಮುಂದಿನ ವರ್ಷ ನಾನು ಹತ್ತನೇ ತರಗತಿ. ಆ ವರ್ಷ ನನ್ನ ಬದುಕು ಒಂದು ಬಾಗಿಲ ಮುಂದೆ ಬಂದು ನಿಂತಿತ್ತು. ಅವ್ವನ ತಮ್ಮ, ನನ್ನ ಸೋದರಮಾವ, ಓಮಲೂರಿನಲ್ಲಿ ಲಾರಿ ಓಡಿಸುತ್ತಿದ್ದ. ಅವನಿಗೇ ನನ್ನನ್ನು ಕೊಡುವುದೆಂದು ನಾನು ಹುಟ್ಟಿದಾಗಲೇ ಮಾತಾಗಿತ್ತು. ಪರೀಕ್ಷೆ ಮುಗಿಯುವುದರೊಳಗೆ ಒಪ್ಪು ವೀಳ್ಯ, ಆಮೇಲೆ ಮದುವೆ ಎಂದು ಅಪ್ಪ ನಿಶ್ಚಯಿಸಿದ. ಮಾವ ಕೆಟ್ಟವನಲ್ಲ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನು. ಅದಕ್ಕೇ ನನಗೆ ಇನ್ನೂ ಅಳು ಬರುತ್ತಿತ್ತು. ಅದೇ ಹೊತ್ತಿಗೆ ನಮ್ಮ ತಂಡ ಮತ್ತೆ ಜಿಲ್ಲೆಯಲ್ಲಿ ಗೆದ್ದಿತು. ಮದ್ರಾಸಿನಲ್ಲಿ ಗೆದ್ದ ತಂಡದಿಂದ ಕೆಲವರನ್ನು ಅಲ್ಲಿನ ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ, ಊಟ ವಸತಿ ಓದು ಎಲ್ಲ ಅಲ್ಲೇ ಎಂದು ಸಾರ್ ಹೇಳಿದ್ದರು. ನನಗೆ ಆ ಹಾಸ್ಟೆಲು ಬೇಕಿತ್ತು. ಅಷ್ಟು ಬೇಕೆಂದು ಅದಕ್ಕೆ ಮೊದಲು ಯಾವುದೂ ನನಗೆ ಬೇಕಾಗಿರಲಿಲ್ಲ.

ಅಪ್ಪ ಈ ಸಲ ಕಳಿಸುವುದೇ ಇಲ್ಲ ಎಂದ. ದೊಡ್ಡವ್ವ ನಮ್ಮ ಜಗಲಿಯ ಮೇಲೆ ಬಂದು ಕೂತಳು. ಅವಳು ಅಪ್ಪನನ್ನು ಎತ್ತಿ ಆಡಿಸಿದವಳು, ಏಕವಚನದಲ್ಲೇ ಮಾತು.

"ನೋಡ್ಲಾ, ಕಳ್ಸು. ಬರಿಗೈಲಿ ಬಂದ್ರೆ ನಾನೇ ಅರಿಸಿನ ಅರೀತೀನಿ, ನಾನೇ ಮುಂದೆ ನಿಂತು ವೀಳ್ಯ ಕೊಡುಸ್ತೀನಿ. ಗೆದ್ದು ಬಂದ್ರೆ ಉಡುಗಿ ಓದ್ಲಿ. ಇದು ನನ್ ಮಾತು."

ಅಪ್ಪ ಒಪ್ಪಿದ. ಒಪ್ಪಿದ್ದು ನಾವು ಗೆಲ್ಲುವುದಿಲ್ಲ ಎಂಬ ನಂಬಿಕೆಯಿಂದ. ನಾವು ಮರಳಿ ಬರುವ ದಿನಕ್ಕೇ ಒಪ್ಪು ವೀಳ್ಯಕ್ಕೆ ನೆಂಟರನ್ನೂ ಕರೆದಿಟ್ಟ. ಆಟದ ಹುಚ್ಚೂ ವೀಳ್ಯವೂ ಒಂದೇ ದಿನ ಮುಗಿಯಲಿ ಎಂದು ಅವ್ವನ ಬಳಿ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಹೊರಡುವ ಮೊದಲು ನಾನು ದೊಡ್ಡವ್ವನ ಹಿಂದೆ ಬಿದ್ದೆ. ಪಂದ್ಯದಲ್ಲಿ ಕೂಗು, ನೀನು ಕೂಗಿದರೆ ನಮ್ಮ ಕಾಲು ತಾವಾಗಿ ಕೇಳುತ್ತವೆ ಎಂದು ಗೋಗರೆದೆ. ನಮ್ಮ ತಂಡದ ರೋಗ ಒಂದೇ. ದಾಳಿಗೆ ಬಂದವಳನ್ನು ಕಂಡ ಕೂಡಲೇ ಅವಸರಪಟ್ಟು ನುಗ್ಗುವುದು, ಕೈತಪ್ಪಿಸಿಕೊಳ್ಳುವುದು. ಕಾದು ನಿಲ್ಲಿ, ಅವಳು ಬೆನ್ನು ತಿರುಗಿಸಿದಾಗ ಮುತ್ತಿ ಎಂದು ಸಾರ್ ಹೇಳಿ ಹೇಳಿ ಸುಸ್ತಾಗಿದ್ದರು. ದೊಡ್ಡವ್ವ ನನ್ನ ಮಾತು ಕೇಳಿ ಕೆಂಡವಾದಳು. ಹೆತ್ತವರು ಮಕ್ಕಳನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಮದ್ರಾಸಿನ ಜನರ ನಡುವೆ ಅವರನ್ನು ಕುರಿ ಮಾಡಲಾ ಎಂದು ಕೇಳಿದಳು.

ಎರಡನೆಯ ಸಲದ ಮದ್ರಾಸಿನಲ್ಲಿ ಓಡುವ ಮೆಟ್ಟಿಲೂ ಇಲ್ಲ, ಸಮುದ್ರವೂ ಇಲ್ಲ. ನನಗೆ ಬೇರೆ ಏನೂ ಕಾಣಲಿಲ್ಲ. ದೊಡ್ಡವ್ವ ಅಂಚಿನಲ್ಲಿ ಕೂತು, ಸೆರಗಿನ ಚುಂಗನ್ನು ಬಾಯಿಗೆ ತುರುಕಿಕೊಂಡು ಪಂದ್ಯ ನೋಡುತ್ತಿದ್ದಳು. ಬಾಗಿಲಿನ ಕಾವಲುಗಾರ ಅವಳ ಕೋಲನ್ನು ಇಸಕೊಂಡು ಇಟ್ಟುಕೊಂಡಿದ್ದ. ಸೆರಗು ಬಾಯಲ್ಲಿದ್ದರೂ ನಾವು ಒಂದೊಂದೇ ಪಂದ್ಯ ಗೆದ್ದೆವು. ಹೇಗೆಂದರೆ, ನಾವು ಒಬ್ಬರಿಗೊಬ್ಬರು ಕನ್ನಡದಲ್ಲಿ ಕೂಗಿಕೊಳ್ಳುತ್ತಿದ್ದೆವು. ಶಾಲೆಯಲ್ಲಿ ತಮಿಳು ಮಾತಾಡಿ ಮಾತಾಡಿ, ಮನೆಯಲ್ಲೂ ಕನ್ನಡ ಆಡಲು ನಾಚುತ್ತಿದ್ದ ನಾವು ಅಲ್ಲಿ ಗಂಟಲು ಹರಿಯುವಂತೆ ಕನ್ನಡ ಕೂಗಿದೆವು. ನಿಲ್ಲು, ಬಿಡು, ಈಗ ಹಿಡಿ ಎಂದರೆ ಎದುರಿನವರಿಗೆ ಒಂದೂ ತಿಳಿಯದು.

ಕೊನೆಯ ಪಂದ್ಯಕ್ಕೆ ಎದುರು ಬಂದದ್ದು ಹೊಸೂರು ಕಡೆಯ ತಂಡ. ಪಂದ್ಯಕ್ಕೆ ಮೊದಲು ನಲ್ಲಿಯ ಹತ್ತಿರ ಅವರು ಮಾತಾಡುವುದು ಕೇಳಿ ಇನ್ನು ನಮ್ಮ ಗುಟ್ಟು ನಡೆಯದು ಎಂದುಕೊಂಡೆ, ಅಚ್ಚ ಕನ್ನಡ. ದೊಡ್ಡವ್ವನಿಗಾದರೆ ಹಬ್ಬ. ಯಾವೂರು, ಯಾರ ಮಕ್ಕಳು, ಎಷ್ಟು ಕುರಿ ಎಂದೆಲ್ಲ ವಿಚಾರಿಸಿ, ಮಡಿಲಲ್ಲಿದ್ದ ಹುರಿಗಡಲೆಯನ್ನೆಲ್ಲ ಅವರ ಕೈಗೆ ಸುರಿದಳು. ಅವರಲ್ಲಿ ಎಲ್ಲರಿಗಿಂತ ಉದ್ದದವಳಿಗೆ, ಅವರ ದಾಳಿಯ ಹುಲಿ ಅವಳೇ, ಎರಡು ಹಿಡಿ. ನಾನು ಕಣ್ಣು ಬಿಟ್ಟರೆ, ನಮ್ಮ ಮಾತಾಡುವ ಪುಳ್ಳೆಗಳು, ಹಸಿದುಕೊಂಡು ಆಡಬೇಕಾ ಎಂದು ನನಗೇ ಗದರಿದಳು.

ಹುರಿಗಡಲೆ ತಿಂದವರು ನಮ್ಮನ್ನು ಚೆನ್ನಾಗಿಯೇ ಆಡಿಸಿದರು. ನಾವು ಕೂಗಿದ್ದೆಲ್ಲ ಅವರಿಗೆ ಗೊತ್ತಾಗುತ್ತಿತ್ತು. ನಾನು ಹಿಡಿ ಎನ್ನುವಷ್ಟರಲ್ಲಿ ಆ ಉದ್ದದವಳು ಗೆರೆ ದಾಟಿರುತ್ತಿದ್ದಳು. ತಮಿಳಿಗೆ ಹೊರಳಿದರೆ ಅದೂ ಗೊತ್ತು. ಬಾಯಿ ಮುಚ್ಚಿ ಆಡಿದರೆ ಮತ್ತೆ ನಮ್ಮ ಹಳೆಯ ಅವಸರ. ಹೇಗೋ ಜಗ್ಗಾಡಿ ಅಂಕ ಸಮವಾಯಿತು. ಕೊನೆಯ ದಾಳಿ ಅವರದು. ಆ ಉದ್ದದ ಹುಡುಗಿ ಗೆರೆಯ ಬಳಿ ಬಂದು ನಿಂತಳು. ಅವಳು ನಮ್ಮಲ್ಲಿ ಒಬ್ಬಳನ್ನು ಮುಟ್ಟಿ ಹೋದರೆ ಅವರು ಗೆದ್ದರು, ಅವಳನ್ನು ಹಿಡಿದರೆ ನಾವು. ನನಗೆ ಕಣ್ಣ ಮುಂದೆ ನಮ್ಮ ಮನೆಯ ಪಡಸಾಲೆ, ಹಾಸಿದ ಜಮಖಾನೆ, ಬಿಳಿ ಅಂಗಿಯ ಮಾವ ಎಲ್ಲ ಕಂಡಿತು.

ಆಗ ದೊಡ್ಡವ್ವ ಎದ್ದಳು. ಬಾಯಿಂದ ಸೆರಗು ತೆಗೆದು ಸೊಂಟಕ್ಕೆ ಬಿಗಿದಳು. ಕೂತ ಜಾಗದಿಂದ ಅಂಕಣದ ಅಂಚಿನಲ್ಲೇ ನಡೆದು, ನಡುಗೆರೆಯ ತುದಿ ಎಲ್ಲಿ ಮುಗಿಯುತ್ತದೋ ಅದಕ್ಕೆ ನೇರವಾಗಿ, ಜನರ ಮುಂದೆ ಒಂಟಿಕಾಲಲ್ಲಿ ನಿಂತಳು. ಯಾಕೆ ಅಲ್ಲಿಗೆ ಹೋದಳು ಎಂದು ಆಗ ನನಗೆ ಹೊಳೆಯಲಿಲ್ಲ.

ಹುಡುಗಿ ಕಬಡ್ಡಿ ಕಬಡ್ಡಿ ಎನ್ನುತ್ತ ಒಳಗೆ ಬಂದಳು. ನಮ್ಮ ಸಾಲು ಮುಂದಕ್ಕೆ ಬಾಗಿತು, ಇನ್ನೇನು ನುಗ್ಗಬೇಕು. "ಟ್ರುವಾ… ಟ್ರುವಾ…" ಎಂದು ತಗ್ಗಿದ ದನಿ ಬಂತು. ಮಧ್ಯಾಹ್ನ ಮಂದೆಯನ್ನು ಮರದ ನೆರಳಿಗೆ ತಂದು ನಿಲ್ಲಿಸುವಾಗ ದೊಡ್ಡವ್ವ ಹೇಳುವ ಸದ್ದು ಅದು. ಕನ್ನಡವೂ ಅಲ್ಲ, ತಮಿಳೂ ಅಲ್ಲ. ಒಬ್ಬೊಬ್ಬ ಕುರಿಯವರದು ಒಂದೊಂದು ಬಗೆ. ಹೊಸೂರಿನ ಮಂದೆಗೂ ಅದು ತಿಳಿಯದು. ನಮ್ಮ ಕಾಲುಗಳು ನೆಟ್ಟಲ್ಲೇ ನಿಂತವು. ನನ್ನ ಕಣ್ಣ ಮುಂದಿನ ಜಮಖಾನೆಯೂ ಮಾಯವಾಯಿತು, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಯಾರೂ ಮುಂದೆ ಬರದ್ದನ್ನು ಕಂಡು ಹುಡುಗಿಗೆ ಗೊಂದಲವಾಯಿತು. ಇನ್ನೂ ಒಳಗೆ ಬಂದಳು. ಕೈ ಚಾಚಿದಳು, ಎಟುಕಲಿಲ್ಲ. ಟ್ರುವಾ, ಟ್ರುವಾ, ಅದೇ ದನಿ, ಅವಸರವೇ ಇಲ್ಲದ ದನಿ. ಉಸಿರು ಮುಗಿಯುತ್ತ ಬಂದು, ಹುಡುಗಿ ಕೊನೆಗೆ ನಡುಗೆರೆಯ ಕಡೆಗೆ ಮೈ ತಿರುಗಿಸಿದಳು.

"ಊಊ… ಹೋಹೋಯ್."

ಆ ಛಾವಣಿಯೇ ಕಂಪಿಸುವಂತೆ ದೊಡ್ಡವ್ವ ಕೂಗಿದಳು. ನಾವು ಯಾರೂ ಯೋಚನೆ ಮಾಡಲಿಲ್ಲ. ತೊದಲು ನುಡಿಯುವ ಕಾಲದಿಂದ ಓಡಿದ ಹಾಗೆ ಅವಳ ದನಿಯತ್ತ ಓಡಿದೆವು. ಅವಳು ನಿಂತದ್ದು ನಡುಗೆರೆಯ ತುದಿಯಲ್ಲಿ. ನಮಗೂ ಅವಳಿಗೂ ನಡುವೆ ಆ ಹುಡುಗಿ. ಎರಡು ಕಡೆಯಿಂದ ಬಂದು ನಾವೆಲ್ಲ ಒಂದೇ ರಾಶಿಯಾಗಿ ಹುಡುಗಿಯ ಮೇಲೆ ಬಿದ್ದೆವು. ಕೈ ಚಾಚಿದಳು, ಗೆರೆ ಇನ್ನೂ ಮುಂದಿತ್ತು. ಸೀಟಿ ಕೇಳಿತು. ರಾಶಿಯ ಕೆಳಗಿನಿಂದ ನಾನು ತಲೆ ಎತ್ತಿದರೆ, ಪಿ.ಟಿ. ಸಾರ್ ಕುರ್ಚಿಯ ಮೇಲೆ ಹತ್ತಿ ನಿಂತು ಮಗುವಿನಂತೆ ಅಳುತ್ತಿದ್ದರು. ದೊಡ್ಡವ್ವ ಹೊಸೂರಿನ ಹುಡುಗಿಯನ್ನು ಎಬ್ಬಿಸಿ ಮಂಡಿ ಉಜ್ಜುತ್ತಿದ್ದಳು. ಅದು ಎಂಥ ಕೂಗು ಅಜ್ಜಿ ಎಂದು ಆ ಹುಡುಗಿ ಕೇಳಿದ್ದಕ್ಕೆ, ನಮ್ಮ ಮನೆಯದು ತಾಯಿ ಎಂದಳು.

ಸಂಜೆ ಆಯ್ಕೆಯಾದವರ ಹೆಸರು ಓದಿದರು. ನನ್ನ ಹೆಸರು ಬಂತು. ಆವತ್ತಿನಷ್ಟು ಚೆಂದದ ನಗರವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಸೆಂಟ್ರಲ್ ಸ್ಟೇಷನ್ನಿಗೆ ನಡೆಯುವ ದಾರಿಯ ದೀಪಗಳು, ಹೂ ಮಾರುವವರು, ಬಸ್ಸಿನ ಹಾರ್ನು, ಎಲ್ಲವೂ ನನ್ನ ಮದುವೆಗಲ್ಲ, ನನ್ನ ಗೆಲುವಿಗೆ ಬಂದ ನೆಂಟರು ಅನ್ನಿಸಿತು. ಕೋಲು ವಾಪಸು ಪಡೆದ ದೊಡ್ಡವ್ವ ಹಿಂದಿನಿಂದ, ಸಾಲು ಬಿಟ್ಟು ಹೋಗಬೇಡಿ ಎಂದು ಎಂದಿನಂತೆ ಗದರುತ್ತ ಬರುತ್ತಿದ್ದಳು.

ಊರಿನಲ್ಲಿ ನೆಂಟರು ಬಂದು ಕೂತಿದ್ದರು. ಸಾರ್ ಫೋನಿನಲ್ಲಿ ಹೇಳಿದ್ದರಿಂದ ಗೆದ್ದ ಸುದ್ದಿ ಅಪ್ಪನಿಗೆ ಮೊದಲೇ ಮುಟ್ಟಿತ್ತು. ಆದರೂ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಮಾವ ಬಿಳಿ ಅಂಗಿ ತೊಟ್ಟು ಗೋಡೆಗೊರಗಿದ್ದ, ನಡುವೆ ಹಿತ್ತಾಳೆಯ ತಟ್ಟೆಯಲ್ಲಿ ವೀಳ್ಯದ ಎಲೆ, ಅಡಿಕೆ, ಅರಿಸಿನ, ತೆಂಗಿನಕಾಯಿ. ನಮ್ಮಲ್ಲಿ ಬೆಳಗ್ಗೆ ದೇವರ ಮುಂದಿಟ್ಟು ತಂದ ಆ ವೀಳ್ಯವನ್ನು ಎರಡು ಮನೆಯವರು ಕೈಯಿಂದ ಕೈಗೆ ಬದಲಾಯಿಸಿಕೊಂಡರೆ ಮಾತು ಮುಗಿದಂತೆ. ಬದಲಾಗುವ ಮೊದಲು ಅದರಲ್ಲಿ ಒಂದೆಲೆ ಯಾರ ಬಾಯಿಗೆ ಹೋದರೂ ಮಾತು ಮುರಿದಂತೆ.

ನಾವಿಬ್ಬರೂ ಬಸ್ಸಿನ ಧೂಳಿನಲ್ಲೇ ಒಳಗೆ ಹೋದೆವು. ಅಪ್ಪ ನನ್ನ ಮುಖ ನೋಡಲಿಲ್ಲ. ಆಟ ಆಟವೇ, ಆದರೆ ನೆಂಟರು ಬಂದಾಗಿದೆ, ತಟ್ಟೆ ಇಟ್ಟಾಗಿದೆ, ಹುಟ್ಟಿದಾಗ ಕೊಟ್ಟ ಮಾತು ನನ್ನದು ಎಂದು ನೆಲ ನೋಡುತ್ತ ಹೇಳಿದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೊರಳಿಗೆ ಬಿದ್ದಿದ್ದ ಪದಕ ಒಮ್ಮೆಗೇ ತಗಡಾಯಿತು.

ದೊಡ್ಡವ್ವ ಜಗಳವಾಡಲಿಲ್ಲ. ಕೋಲನ್ನು ಮೂಲೆಗೆ ಆನಿಸಿ, ಉಸ್ಸಪ್ಪಾ ಎಂದು ಜಮಖಾನೆಯ ನಡುವೆ ಕೂತು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಮೇಲಿನ ಎಲೆ ಎತ್ತಿ ತೊಡೆಗೆ ಒರೆಸಿದಳು, ತೊಟ್ಟು ಮುರಿದಳು, ಸೊಂಟದ ಚೀಲದಿಂದ ಸುಣ್ಣ ತೆಗೆದು ಸವರಿದಳು, ಅಡಿಕೆ ಇಟ್ಟು ಮಡಿಸಿದಳು. ಹಿರಿಯರೊಬ್ಬರು ಕೈ ಎತ್ತಿದರು. ಅಷ್ಟರಲ್ಲಿ ಅದು ಅವಳ ದವಡೆಗೆ ಹೋಗಿತ್ತು. ಎರಡನೆಯ ಎಲೆ ಎತ್ತಿದಳು.

"ನಿನ್ ಮಾತು ಐತೆ, ನನ್ ಮಾತೂ ಐತೆ," ಎಂದಳು ಅಪ್ಪನಿಗೆ, ಬಾಯಿ ತುಂಬ ಇಟ್ಟುಕೊಂಡೇ. "ಇನ್ನೊಂದಿನ ತಟ್ಟೆ ಇಡ್ತೀ ಅಂದ್ರೆ ಇಡು. ಅವತ್ತೂ ಬಂದು ತಿಂತೀನಿ. ನನ್ ಅಲ್ಲು ಇನ್ನೂ ಗಟ್ಟಿಯಾಗೈತೆ."

ಮೊದಲು ನಕ್ಕವನು ಮಾವ. ತಡೆಯಲಾಗದೆ ನಕ್ಕ, ಕಣ್ಣಲ್ಲಿ ನೀರು ಬರುವಂತೆ ನಕ್ಕ, ನಗುತ್ತಲೇ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಉಸಿರು ಬಿಟ್ಟ. ಲಾರಿಯಲ್ಲಿ ಹುಡುಗಿಯನ್ನು ಮದ್ರಾಸಿನ ಹಾಸ್ಟೆಲಿಗೆ ನಾನೇ ಬಿಟ್ಟು ಬರುತ್ತೇನೆ ಭಾವ ಎಂದ. ನೆಂಟರಲ್ಲೂ ನಗು ಹರಡಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಅಪ್ಪ ಎದ್ದು, ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ ಇಳಿಸಿ, ಧೂಳು ಕೊಡವಿ ನನ್ನ ಮುಂದೆ ತಂದಿಟ್ಟ. ದೊಡ್ಡವ್ವ ಮೂರನೆಯ ಎಲೆಯ ತೊಟ್ಟು ಮುರಿಯುತ್ತಿದ್ದಳು.